ಕೊಳೆರೋಗಕ್ಕೆ ಮಳೆಗೆ ಮೊದಲೇ ಔಷಧಿ ಏಕೆ?

ಪ್ರಶ್ನೆ: ಅಡಿಕೆಗೆ ಬೋರ್ಡೋ ದ್ರಾವಣವನ್ನು ಮಳೆಗಾಲಕ್ಕೆ ಮುನ್ನವೇ ಸಿಂಪಡಿಸುವುದೇಕೆ?

ಉತ್ತರ: 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್, ಮಲೆನಾಡಿನ ಅಡಿಕೆಯನ್ನು ಕಾಡುತ್ತಿದ್ದ ಕೊಳೆರೋಗವನ್ನು ಅಭ್ಯಸಿಸಿ, ಅದಕ್ಕೆ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಯೇ ಕಾರಣವೆಂದು ತೋರಿಸಿದರು. ಅಂದು ಶಿಲೀಂಧ್ರವೆಂದೇ ಎಣಿಸಲಾಗಿದ್ದ ಇದನ್ನು ಇಂದಿನ ವರ್ಗೀಕರಣವು ಆ ಗುಂಪಿನಿಂದ ಹೊರಗಿಟ್ಟಿದೆ. ಇದರ ಚರಬೀಜಕಗಳು, ಅಂದರೆ ಬಾಲದಂಥ ಎಳೆಗಳಿಂದ ಈಜಬಲ್ಲ ಸಂತಾನಕೋಶಗಳು, ಕಾಯಿಯ ಮೇಲೆ ನಿಂತ ನೀರಿನ ತೆಳುಪೊರೆಯಲ್ಲಿ ಚಲಿಸಿ ಮೊಳೆತು ಸಿಪ್ಪೆಯೊಳಗೆ ನುಗ್ಗುವುದರಿಂದ, ತೊಟ್ಟಿನ ಬಳಿ ಕಡುಹಸಿರಾದ ನೀರುಗಲೆ ಮೂಡಿ ಎಳೆಗಾಯಿಗಳು ಉದುರುತ್ತವೆ. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದಲ್ಲಿರುವ ತಾಮ್ರವು ಬೀಜಕಗಳನ್ನು ಕಾಯಿಯ ಮೇಲ್ಮೈಯಲ್ಲಿಯೇ ಕೊಲ್ಲುತ್ತದೆಯೇ ಹೊರತು, ಒಳಹೊಕ್ಕ ರೋಗವನ್ನು ವಾಸಿಮಾಡಲಾರದು. ಆದಕಾರಣ ಶೇಕಡ 1ರ ದ್ರಾವಣವನ್ನು ಮುಂಗಾರಿಗೆ ಮೊದಲೊಮ್ಮೆ, ಸುಮಾರು 40–45 ದಿನಗಳ ಅನಂತರ ಮತ್ತೊಮ್ಮೆ, ಗೊನೆ ಪೂರ್ತಿ ತೊಯ್ಯುವಂತೆ ಸಿಂಪಡಿಸಬೇಕು.