ಬಂದ ಮಾತಿಗೆ ಮನೆಯ ‘ಗಳು’

ಹೊನ್ನಾಳಿಯ ಬಸ್ ನಿಲ್ದಾಣದಲ್ಲಿ ನಿಂತು ‘ನ್ಯಾಮತಿಗೆ ಬಸ್ ಅದಾವೇನ್ರಿ?’ ಎಂದು ಕೇಳಿ ನೋಡಿ. ‘ಇನ್ನೂ ಮೂರು ಬಸ್ ಅದಾವೆ’ ಅನ್ನುತ್ತಾರೆ. ‘ಮೂರು ಬಸ್ಸುಗಳು’ ಎಂದು ಯಾರ ಬಾಯಲ್ಲೂ ಬರುವುದಿಲ್ಲ. ಹಾಗೆಂದು ಬಹುವಚನ ಕಳೆದುಹೋಗಿಲ್ಲ. ಅದು ಬಸ್ಸನ್ನು ಬಿಟ್ಟು ಕ್ರಿಯಾಪದದ ಮೇಲೆ ಹೋಗಿ ಕೂತಿದೆ: ಒಂದು ಬಸ್ ಐತಿ, ಮೂರು ಬಸ್ ಅದಾವೆ. ಲೆಕ್ಕ ಹೇಳಿದ ಮೇಲೆ ವಸ್ತುವಿಗೆ ಮತ್ತೆ ‘ಗಳು’ ಹಚ್ಚುವ ಅಗತ್ಯ ಕನ್ನಡಕ್ಕಿಲ್ಲ. ಮನುಷ್ಯರಾದರೆ ಮಾತು ಬೇರೆ. ಅಲ್ಲಿ ‘ಇಬ್ಬರು ಹೆಂಗಸರು’ ಎನ್ನಲೇಬೇಕು.

ಈ ವಿಚಾರ ನನ್ನನ್ನು ಹಿಡಿದುಕೊಂಡದ್ದು ಒಂದು ನೋಟ್‌ಬುಕ್‌ನಿಂದ. ಪಿಯುಸಿ ಓದುವ ಪರಿಚಯದ ಹುಡುಗಿಯೊಬ್ಬಳು ಇಂಗ್ಲಿಷ್ ಉತ್ತರದಲ್ಲಿ ‘ಸಿಲಬಸಸ್’ ಎಂದು ಬರೆದಿದ್ದಳು. ಅದರ ಸುತ್ತ ಕೆಂಪು ಶಾಯಿಯ ಸುತ್ತು, ಅಂಚಿನಲ್ಲಿ ‘ಸಿಲಬೈ’. ಅವಳು ಆ ಪುಟವನ್ನು ನನಗೆ ತೋರಿಸಿ, ‘ಹಳ್ಳಿಯವರಿಗೆ ಇವೆಲ್ಲ ಹೆಂಗೆ ಗೊತ್ತಾಗ್ತಾವೆ’ ಅಂದಳು. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಏಕೆಂದರೆ ಅವಳು ಬರೆದದ್ದು ತಪ್ಪಲ್ಲ. ಇಂಗ್ಲಿಷ್ ನಿಘಂಟುಗಳು ಎರಡೂ ರೂಪಗಳನ್ನು ಒಪ್ಪುತ್ತವೆ.

ಸಿಲಬಸ್ ಪದದ ಜಾತಕವನ್ನು ನೋಡಿದರೆ ಕೆಂಪು ಶಾಯಿಯ ಕೈ ನಿಜಕ್ಕೂ ತಡೆಯಬೇಕಿತ್ತು. ರೋಮಿನ ಸಿಸೆರೋ ತನ್ನ ಗೆಳೆಯ ಅಟಿಕಸ್‌ಗೆ ಬರೆದ ಪತ್ರಗಳಲ್ಲಿ ಸುರುಳಿಪುಸ್ತಕಕ್ಕೆ ಅಂಟಿಸುವ ಹೆಸರುಚೀಟಿಯ ಪ್ರಸ್ತಾಪವಿದೆ. ಅದಕ್ಕೆ ಅವನು ಬಳಸಿದ್ದು ‘ಸಿಟಿಬಾ’ ಎಂಬ ಗ್ರೀಕ್ ಪದ. 15ನೇ ಶತಮಾನದಲ್ಲಿ ಆ ಪತ್ರಗಳನ್ನು ಅಚ್ಚು ಹಾಕುವಾಗ ಓದು ತಪ್ಪಿ ಅದು ‘ಸಿಲಬೊಸ್’ ಆಯಿತು. ಹಳೆಯ ಲ್ಯಾಟಿನ್ನಿನಲ್ಲಿ ಇಲ್ಲದೇ ಇದ್ದ ಪದ ಅಚ್ಚಿನ ಮನೆಯಲ್ಲಿ ಹುಟ್ಟಿತು. ಆಮೇಲೆ ಅದಕ್ಕೊಂದು ಶುದ್ಧ ಲ್ಯಾಟಿನ್ ಬಹುವಚನವನ್ನೂ ಹೊಂದಿಸಿದರು. ಆ ಹುಡುಗಿಯ ಉತ್ತರವನ್ನು ತಿದ್ದಿದ್ದು ಒಂದು ಹಳೆಯ ಮುದ್ರಣದೋಷದ ಮೊಮ್ಮಗು.

ವೈರಸ್‌ನದೂ ಇಂಥದೇ ಕಥೆ. ಲ್ಯಾಟಿನ್ನಿನಲ್ಲಿ ಅದಕ್ಕೆ ವಿಷ, ಲೋಳೆ ಎಂಬ ಅರ್ಥ. ನೀರು, ಹಾಲುಗಳ ಹಾಗೆ ಎಣಿಸುವ ವಸ್ತುವಲ್ಲವಾದ್ದರಿಂದ ಪ್ರಾಚೀನ ಬರಹಗಳಲ್ಲಿ ಅದರ ಬಹುವಚನವೇ ಸಿಗುವುದಿಲ್ಲ. ಪಂಡಿತರಂತೆ ‘ವಿರಿ’ ಎಂದರೆ ಲ್ಯಾಟಿನ್ನಿನಲ್ಲಿ ‘ಗಂಡಸರು’ ಎಂದಾಗುತ್ತದೆ. ಆಕ್ಟೋಪಸ್ ಗ್ರೀಕ್ ಮೂಲದ್ದು, ‘ಆಕ್ಟೋಪೈ’ಗೆ ವ್ಯಾಕರಣದ ಆಧಾರವಿಲ್ಲ. 1926ರಲ್ಲಿ ಬಂದ ಫೌಲರ್‌ನ ಇಂಗ್ಲಿಷ್ ಬಳಕೆಯ ಕೈಪಿಡಿಯಲ್ಲಿ ಲ್ಯಾಟಿನ್ ಬಹುವಚನಗಳಿಗೆಂದೇ ಒಂದು ಟಿಪ್ಪಣಿ ಇದೆ. ನೂರು ವರ್ಷ ಕಳೆದರೂ ಆ ಜಗಳ ಮುಗಿದಿಲ್ಲ.

ಆದರೆ ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಬಸ್ಸೇ. ಅದರ ಪೂರ್ತಿ ಹೆಸರು ‘ಆಮ್ನಿಬಸ್’, ಅಂದರೆ ಲ್ಯಾಟಿನ್ನಿನಲ್ಲಿ ‘ಎಲ್ಲರಿಗೆ’. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಸಾರ್ವಜನಿಕರ ಕುದುರೆಗಾಡಿಗೆ ಆ ಹೆಸರು ಬಿತ್ತು. 1829ರಲ್ಲಿ ಜಾರ್ಜ್ ಶಿಲಿಬೀರ್ ಲಂಡನ್ನಿನಲ್ಲಿ ಅಂಥ ಗಾಡಿ ಓಡಿಸಿದ. ಜನ ಮುಂದಿನ ಭಾಗವನ್ನು ಕತ್ತರಿಸಿ ಬರೀ ‘ಬಸ್’ ಉಳಿಸಿಕೊಂಡರು. ಉಳಿದದ್ದು ಪದವಲ್ಲ, ಚತುರ್ಥಿ ಬಹುವಚನ ಪ್ರತ್ಯಯದ ತುಂಡು. ಕನ್ನಡದಲ್ಲಿ ‘ಎಲ್ಲರಿಗೆ’ ಎಂಬುದರಿಂದ ‘ಎಲ್ಲ’ ಕಿತ್ತು ಹಾಕಿ, ‘ರಿಗೆ ಬಂತು, ರಿಗೆ ಹೋಯ್ತು’ ಎಂದ ಹಾಗೆ. ನಾವು ಅದಕ್ಕೊಂದು ‘ಉ’ ಕೊಟ್ಟು, ಸಕಾರವನ್ನು ಒತ್ತಿ ‘ಬಸ್ಸು’ ಮಾಡಿಕೊಂಡೆವು, ಬೇಕಾದಾಗ ‘ಗಳು’ ಸೇರಿಸಿದೆವು. ಬಹುವಚನದ ಬಾಲಕ್ಕೆ ಇನ್ನೊಂದು ಬಹುವಚನ. ಅದರಿಂದ ಯಾರ ಪ್ರಯಾಣವೂ ನಿಂತಿಲ್ಲ.

ಆ ಬಸ್ಸಿನೊಳಗಿನ ಕಂಡಕ್ಟರನ್ನೂ ಗಮನಿಸಿ. ಮಾಡುವವನನ್ನು ಸೂಚಿಸುವ ಲ್ಯಾಟಿನ್ನಿನ ‘ಟರ್’ ಕನ್ನಡದ ಕಿವಿಗೆ ಬಿದ್ದಾಗ ಗೌರವದ ‘ರು’ ಆಗಿಬಿಟ್ಟಿತು. ‘ಕಂಡಕ್ಟ್ರು ಚಿಲ್ಲರೆ ಕೊಟ್ರು’, ‘ಡಾಕ್ಟ್ರು ಬಂದ್ರು’. ಇಬ್ಬರಾದರೂ ಡಾಕ್ಟ್ರೇ. ಪದದ ಕೊನೆಯಲ್ಲಿ ತಾನಾಗಿ ಇದ್ದ ರಕಾರವನ್ನು ನಮ್ಮ ಜನ ಮರ್ಯಾದೆಯಾಗಿ ಕೇಳಿಸಿಕೊಂಡರು. ಪರಭಾಷೆಯ ಪದ ಮನೆಯದಾಗುವುದು ಹೀಗೆ.

ಡೇಟಾ ಎಂಬ ಲ್ಯಾಟಿನ್ ಬಹುವಚನವನ್ನು ಇಂಗ್ಲಿಷಿನಲ್ಲಿ ಏಕವಚನವಾಗಿ ಬಳಸಬಹುದೇ ಎಂದು ಈಗಲೂ ವಾದ ನಡೆಯುತ್ತದೆ. ಜಗಳೂರಿನ ಹುಡುಗನೊಬ್ಬ ‘ಡೇಟಾ ಖಾಲಿ ಆಯ್ತು’ ಅನ್ನುತ್ತಾನೆ, ‘ಖಾಲಿ ಆದವು’ ಅನ್ನುವುದಿಲ್ಲ. ಟ್ಯಾಂಕಿನ ನೀರು ಮುಗಿದ ಹಾಗೆ ಡೇಟಾ ಮುಗಿಯಿತು. ನಮ್ಮಲ್ಲಿ ಆ ವಾದ ಏಳುವ ಮೊದಲೇ ತೀರ್ಮಾನವಾಗಿದೆ.

‘ಬ್ಯಾಕ್ಟೀರಿಯಾಗಳು’ ಎಂಬುದು ಬಹುವಚನದ ಮೇಲೆ ಬಹುವಚನ, ಹೀಗಾಗಿ ತಪ್ಪು ಎಂದು ಹೇಳುವವರಿದ್ದಾರೆ. ಅವರು ದಯವಿಟ್ಟು ನಮ್ಮ ದೇವಸ್ಥಾನದ ಕಡೆ ಒಮ್ಮೆ ನೋಡಬೇಕು. ‘ದೇವರು’ ರೂಪದಲ್ಲಿ ಬಹುವಚನ. ಆದರೂ ‘ದೇವರು ಕಣ್ಣು ಬಿಟ್ಟ’ ಎನ್ನುತ್ತೇವೆ, ಹಲವಾದರೆ ‘ದೇವರುಗಳು’. ಇನ್ನೂ ಹಳೆಯ ಸಾಕ್ಷಿ ಹನುಮಂತ. ಸಂಸ್ಕೃತದಲ್ಲಿ ಒಬ್ಬನಾದರೆ ‘ಹನುಮಾನ್’, ಹಲವರಾದರೆ ‘ಹನುಮಂತಃ’. ಕನ್ನಡ ಆ ಬಹುವಚನದ ವಿಸರ್ಗವನ್ನು ಬಿಟ್ಟು ‘ಹನುಮಂತ’ ಎಂದು ಏಕವಚನ ಮಾಡಿಕೊಂಡಿತು. ಭಗವಂತ, ಶ್ರೀಮಂತ, ವಿದ್ವಾಂಸ ಇವೆಲ್ಲ ಹಾಗೇ ಬಂದವು ಎಂದು ಶಾಲೆಯ ವ್ಯಾಕರಣದಲ್ಲೇ ಓದಿದ್ದೇವೆ. ನಮ್ಮ ಕಡೆ ಹನುಮಪ್ಪನ ಗುಡಿಯಿಲ್ಲದ ಊರು ಹುಡುಕಬೇಕು. ಅಲ್ಲಿ ಕೈಮುಗಿಯುವ ಯಾರಿಗೂ ತಾನು ಬಹುವಚನವೊಂದಕ್ಕೆ ಕೈಮುಗಿಯುತ್ತಿದ್ದೇನೆ ಅನ್ನಿಸಿಲ್ಲ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಂಸ್ಕೃತ ಪದ ಕನ್ನಡಕ್ಕೆ ಬಂದಾಗ ಏನೇನು ಬದಲಾಗುತ್ತದೆ ಎಂದು ಅಷ್ಟು ಕಷ್ಟಪಟ್ಟು ಸೂತ್ರ ಬರೆದದ್ದು ಸುಮ್ಮನೆ ಅಲ್ಲ. ಬಂದ ಪದ ನಮ್ಮ ಪ್ರತ್ಯಯವನ್ನೇ ತೊಡಬೇಕು.

ಆದ್ದರಿಂದ ಕನ್ನಡ ಬರೆಯುವಾಗ ‘ಬ್ಯಾಕ್ಟೀರಿಯಾಗಳು’ ಸರಿ ಎಂದು ನಾನು ಒತ್ತಿ ಹೇಳುತ್ತೇನೆ. ಇಂಗ್ಲಿಷಿನಲ್ಲಿ ವಿಜ್ಞಾನ ಬರೆಯುವವರು ಒಂದಾದರೆ ಬ್ಯಾಕ್ಟೀರಿಯಂ, ಹಲವಾದರೆ ಬ್ಯಾಕ್ಟೀರಿಯಾ ಎಂದು ಬರೆಯಲಿ. ಅದು ಆ ಭಾಷೆಯ ಶಿಸ್ತು, ಮಕ್ಕಳಿಗೆ ಕಲಿಸಬೇಕು. ‘ಟಿಪ್ಸ್‌ಗಳು’, ‘ಮಾರ್ಕ್ಸ್‌ಗಳು’ ಮಾತ್ರ ನನ್ನ ಕಿವಿಗೆ ಇನ್ನೂ ಒಗ್ಗಿಲ್ಲ. ‘ಅಂಕಗಳು’ ಎನ್ನಲು ಅಡ್ಡಿಯೇನು?

ಪದಗಳು ಒಂದೇ ದಿಕ್ಕಿಗೆ ಹೋಗುವುದಿಲ್ಲ ಎಂಬುದು ನನಗೆ ತಿಳಿದದ್ದು ಚನ್ನಗಿರಿಯ ಅಡಿಕೆಯಿಂದ. ಪೋರ್ಚುಗೀಸರು 16ನೇ ಶತಮಾನದಲ್ಲಿ ಮಲಯಾಳದ ‘ಅಡಕ್ಕ’ವನ್ನು, ಅಂದರೆ ನಮ್ಮ ಅಡಿಕೆಯ ಒಡಹುಟ್ಟನ್ನು, ‘ಅರೆಕಾ’ ಎಂದು ಕರೆದರು. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಅದನ್ನೇ ಲ್ಯಾಟಿನ್ ಹೆಸರಾಗಿಸಿ ‘ಅರೆಕಾ ಕ್ಯಾಟೆಚು’ ಎಂದು ದಾಖಲಿಸಿದ. ಆ ಕ್ಯಾಟೆಚು ವೀಳ್ಯಕ್ಕೆ ಹಚ್ಚುವ ಕಾಚಿನ ನೆಂಟ. ಮುಂದೆ ಇಡೀ ತಾಳೆಯ ಕುಟುಂಬಕ್ಕೆ ‘ಅರೆಕೇಸಿಯೆ’ ಎಂಬ ಹೆಸರು ಬಂತು. ಸಸ್ಯಶಾಸ್ತ್ರದಲ್ಲಿ ಕುಟುಂಬದ ಹೆಸರು ಲ್ಯಾಟಿನ್ನಿನ ಸ್ತ್ರೀಲಿಂಗ ಬಹುವಚನದಲ್ಲಿರಬೇಕೆಂಬುದು ನಿಯಮ. ‘ಅಡಿಕೆಯಂಥವು’ ಎಂದು ಅದರ ಅರ್ಥ. ತೆಂಗು, ಬೈನೆ, ಖರ್ಜೂರ, ಜಗಳೂರು ಸೀಮೆಯ ಹಳ್ಳದ ಈಚಲು ಎಲ್ಲವೂ ಅದರೊಳಗೆ ಸೇರಿವೆ. ಲ್ಯಾಟಿನ್ ನಮ್ಮ ಕಡೆಯ ಪದ ಪಡೆದಾಗ ನಮ್ಮ ‘ಗಳು’ ಏನೆಂದು ಕೇಳಲಿಲ್ಲ, ತನ್ನ ಪ್ರತ್ಯಯವನ್ನೇ ತೊಡಿಸಿತು. ನಾವೂ ಕೇಳಬೇಕಿಲ್ಲ.

ಕೊಯ್ಲಿನ ಕಾಲದಲ್ಲಿ ಚನ್ನಗಿರಿ ಕಡೆಯ ಯಾವ ಅಡಿಕೆ ಮನೆಗೆ ಹೋದರೂ ಸಂಜೆ ಲೈಟಿನ ಕೆಳಗೆ ಹೆಂಗಸರು ಮೆಟ್ಟುಗತ್ತಿ ಹಿಡಿದು ಸಾಲಾಗಿ ಕೂತಿರುತ್ತಾರೆ. ಹಸಿ ಅಡಿಕೆಯ ಸಿಪ್ಪೆ ಎರಡು ಸೀಳಾಗಿ ಬೀಳುತ್ತದೆ, ಬೆರಳಿಗೆ ಕಪ್ಪು ಕರೆ ಹತ್ತಿರುತ್ತದೆ, ಆಚೆ ಹಂಡೆಯಲ್ಲಿ ಚೊಗರು ಕುದಿಯುತ್ತಿರುತ್ತದೆ. ನೋಟ್‌ಬುಕ್ಕಿನ ಆ ಹುಡುಗಿ ರಜೆಯಲ್ಲಿ ಇಂಥದೇ ಸಾಲಿನಲ್ಲಿ ಅಮ್ಮನ ಪಕ್ಕ ಕೂತಿದ್ದಳು. ಸಿಸೆರೋನ ಪತ್ರದ ಕಥೆ ಹೇಳಿದೆ. ಕತ್ತಿ ನಿಲ್ಲಿಸಿ ಕೇಳಿಸಿಕೊಂಡಳು. ‘ಹಂಗಾದ್ರೆ ನಂದು ರೈಟು’ ಅಂದಳು. ಅಷ್ಟರಲ್ಲಿ ಲೆಕ್ಕ ಬರೆಯುವವನು ಪುಸ್ತಕ ಹಿಡಿದು ಬಂದ.

‘ಎಷ್ಟು ಡಬ್ಬ ಆದ್ವು?’

‘ಎಂಟು ಡಬ್ಬ ಆಗ್ಯಾವೆ, ಬರ್ಕಳ್ರಿ.’