ಬೆಟ್ಟ ನುಂಗಿದ ಲಂಟಾನ, ಸೋಲಿಗರ ತರಗು ಬೆಂಕಿ

ಮೈಸೂರಿನಿಂದ ಚಾಮರಾಜನಗರದ ದಾರಿ ಹಿಡಿದು ಮುಂದೆ ಹೋದರೆ ಬಿಳಿಗಿರಿರಂಗನ ಬೆಟ್ಟ. ಸುಮಾರು 540 ಚದರ ಕಿಲೋಮೀಟರ್ ಕಾಡು. ಪಶ್ಚಿಮಘಟ್ಟಕ್ಕೂ ಪೂರ್ವಘಟ್ಟಕ್ಕೂ ಇದೇ ಸೇತುವೆ. ಹೊಲ, ರಸ್ತೆ, ತೋಟಗಳು ಈ ಸೇತುವೆಯನ್ನು ಅಲ್ಲಲ್ಲಿ ಕೊರೆದಿವೆ. ಎಡೆಯಾರಳ್ಳಿ–ದೊಡ್ಡಸಂಪಿಗೆ ಆನೆದಾರಿ ಉಳಿಸಲು ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸುಮಾರು 25 ಎಕರೆ ಖಾಸಗಿ ಜಮೀನು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಬೇಕಾಯಿತು.

ಒಳಗಿನಿಂದ ಕಾಡನ್ನು ಕೆಡಿಸುತ್ತಿರುವುದು ಲಂಟಾನ. ಅಂದದ ಗಿಡವೆಂದು ಎರಡು ಶತಮಾನದ ಹಿಂದೆ ಅಮೆರಿಕದ ಕಡೆಯಿಂದ ತಂದದ್ದು.

ಇಲ್ಲಿನ ಸೋಲಿಗರಿಗೆ ರಂಗನಾಥ ಭಾವನಾಗಬೇಕು. ಅವರ ಕುಲದ ಕುಸುಮಾಲೆಯನ್ನು ಮದುವೆಯಾದವನು. ಹಿಂದೆ ಅವರು ಬೇಸಿಗೆ ಬಲಿಯುವ ಮುನ್ನ, ನೆಲದಲ್ಲಿ ತೇವವಿರುವಾಗಲೇ, ತರಗು ಬೆಂಕಿ ಹಾಕುತ್ತಿದ್ದರು. ಉದುರಿದ ಎಲೆ, ಒಣಹುಲ್ಲು, ಲಂಟಾನದ ಸಸಿ ಸುಟ್ಟು ಬೆಂಕಿ ತಗ್ಗಿನಲ್ಲೇ ಆರುತ್ತಿತ್ತು. 1974ರಲ್ಲಿ ಅಭಯಾರಣ್ಯವಾಯಿತು, ಬೆಂಕಿ ನಿಂತಿತು. ಲಂಟಾನ ಹಬ್ಬಿತು, ನೆಲ್ಲಿಮರಗಳಿಗೆ ಉಪ್ಪಿಲು ಎಂಬ ಬಂದಳಿಕೆ ಏರಿತು. ಒಂದಕ್ಕೊಂದು ನಂಟಿದೆ ಎಂಬುದು ಸೋಲಿಗ ಹಿರಿಯರ ಮಾತು. ಹಾಗೆಂದು ಈಗ ಕಡ್ಡಿ ಗೀರಿದರೆ ಅನಾಹುತವೇ ಸರಿ. ಒಣಗಿದ ಲಂಟಾನದ ಮೆಳೆ ಹತ್ತಿಕೊಂಡರೆ ಉರಿ ಮರದ ನೆತ್ತಿಗೇರುತ್ತದೆ. ಮೊದಲು ಮೆಳೆ ತೆಗೆಯಬೇಕು.

2011ರ ಆರಂಭದಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ, 2006ರ ಅರಣ್ಯ ಹಕ್ಕು ಕಾಯಿದೆಯಡಿ, 25 ಸೋಲಿಗ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ದೊರೆಯಿತು. ಜೇನು, ನೆಲ್ಲಿ, ಸೀಗೆ ಸಂಗ್ರಹಿಸುವುದಕ್ಕಷ್ಟೇ ಅಲ್ಲ, ಕಾಡನ್ನು ಕಾಯುವುದಕ್ಕೂ ಕಾಯಿದೆಯಲ್ಲಿ ಹಕ್ಕಿದೆ. ಹಕ್ಕುಪತ್ರ ಕೊಟ್ಟು ಕೈ ಕಟ್ಟಿದರೆ ಏನು ಫಲ? ಬೆಂಕಿಯ ಕಾಲ, ಜಾಗ ಗೊತ್ತುಮಾಡುವಾಗ ಇಲಾಖೆ ಅವರನ್ನು ಜೊತೆಗೆ ಕೂರಿಸಿಕೊಳ್ಳಬೇಕು.

ಇದರಿಂದ ನಮಗೇನು ಎನ್ನುವಿರಾ? ಲಂಟಾನದ ಮೆಳೆಯಡಿ ಹುಲ್ಲು ಏಳದು. ಮೇವು ಕಡಿಮೆಯಾದಷ್ಟೂ ಆನೆ ನಿಮ್ಮ ರಾಗಿ, ಮುಸುಕಿನ ಜೋಳದತ್ತ ತಿರುಗುತ್ತದೆ. ನಿಮ್ಮ ಬೇಲಿಯ ಲಂಟಾನದ ಹಣ್ಣು ತಿಂದ ಹಕ್ಕಿ ಬೀಜವನ್ನು ಕಾಡಿಗೂ ಒಯ್ಯುತ್ತದೆ; ಎಲೆ ದನಕ್ಕೆ ವಿಷ.

ಬೇಲಿಯಲ್ಲಿದ್ದರೆ ಬರಿದೇ ಸವರಬೇಡಿ, ಮತ್ತೆ ಚಿಗುರುತ್ತದೆ. ಹಣ್ಣಾಗುವ ಮೊದಲೇ, ನೆಲದಿಂದ ಎರಡು ಮೂರು ಅಂಗುಲ ಕೆಳಗೆ ತಾಯಿಬೇರನ್ನು ಕತ್ತರಿಸಿ, ಬುಡವನ್ನೆತ್ತಿ ತಲೆಕೆಳಗಾಗಿ ಒಣಗಲು ಬಿಡಿ. ಹಕ್ಕಿ ಕೂರುವ ಮರಗಳ ಕೆಳಗೆ ಮಳೆಗಾಲದಲ್ಲಿ ಹುಟ್ಟುವ ಸಸಿಗಳನ್ನು ಎಳೆಯದರಲ್ಲೇ ಕೀಳಿ. ಕಡ್ಡಿಯನ್ನೂ ಎಸೆಯಬೇಕಿಲ್ಲ: ಮಹದೇಶ್ವರ ಬೆಟ್ಟದ ಕಡೆಯ ಸೋಲಿಗರು ಅದನ್ನು ಬೇಯಿಸಿ, ಸಿಪ್ಪೆ ಸುಲಿದು, ಕುರ್ಚಿ, ಬುಟ್ಟಿ ಮಾಡಿ ಮಾರುತ್ತಾರೆ.