ಸ್ತನ ಕ್ಯಾನ್ಸರ್ ಔಷಧಕ್ಕೆ ಮಣಿಯದಿರುವುದೇಕೆ? ಕಿರು ಆರ್‌ಎನ್‌ಎ ನೀಡುವ ಸುಳಿವು

ದೃಶ್ಯ 1: ಯಾದಗಿರಿಯಿಂದ ಕಲಬುರಗಿಗೆ ಹೊರಟ ಬಸ್ಸು
ಯಾದಗಿರಿ, ಶಹಾಪುರ, ಸುರಪುರದ ಮಹಿಳೆಯರು ಸ್ತನ ಕ್ಯಾನ್ಸರ್ ಚಿಕಿತ್ಸೆಯನ್ನು ಕಲಬುರಗಿಯ ಕಿದ್ವಾಯಿ ಕೇಂದ್ರದಲ್ಲಿ ಪಡೆಯಲಿ, ಬೆಂಗಳೂರಿನಲ್ಲಿ ಪಡೆಯಲಿ, ಕೆಲವು ರೋಗಿಗಳಲ್ಲಿ ಮೊದಲು ಫಲ ಕೊಟ್ಟ ಔಷಧವೇ ಕ್ರಮೇಣ ನಾಟದೆ ಹೋಗುವುದುಂಟು. ಇದನ್ನು ಔಷಧ ನಿರೋಧಕತೆ ಎನ್ನುತ್ತಾರೆ.

ದೃಶ್ಯ 2: ಜೀವಕೋಶದೊಳಗಿನ ಆರ್‌ಎನ್‌ಎ ಎಳೆ
ಇದರ ಹಿಂದಿನ ಕಾರಣಗಳಲ್ಲೊಂದು ಮೈಕ್ರೋ ಆರ್‌ಎನ್‌ಎ, ಅಂದರೆ ಸುಮಾರು 22 ನ್ಯೂಕ್ಲಿಯೋಟೈಡ್‌ಗಳಷ್ಟೇ ಉದ್ದವಿದ್ದು, ಜೀನಿನ ಸಂದೇಶ ಹೊತ್ತ ಆರ್‌ಎನ್‌ಎಗೆ ಅಂಟಿಕೊಂಡು ಪ್ರೋಟೀನ್ ತಯಾರಿಕೆಯನ್ನು ತಗ್ಗಿಸುವ ಅಣು. 1993ರಲ್ಲಿ ಇದನ್ನು ಹುಳುವೊಂದರಲ್ಲಿ ಬೆಳಕಿಗೆ ತಂದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ 2024ರ ನೊಬೆಲ್ ಪ್ರಶಸ್ತಿ ಸಂದಿತು.

ದೃಶ್ಯ 3: ಗಡ್ಡೆಯ ಕೋಶ, ಹೊರಬೀಳುತ್ತಿರುವ ಔಷಧದ ಕಣಗಳು
ಮಿಆರ್-21 ಎಂಬ ಮೈಕ್ರೋ ಆರ್‌ಎನ್‌ಎ ಹೆಚ್ಚಾದರೆ, ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಪಿಟೆನ್ ಪ್ರೋಟೀನ್ ಕುಗ್ಗಿ ಟ್ರಾಸ್ಟುಜುಮ್ಯಾಬ್ ಔಷಧದ ಪರಿಣಾಮ ಇಳಿಯುತ್ತದೆಂದೂ, ಮಿಆರ್-221 ಮತ್ತು 222 ಹೆಚ್ಚಾದರೆ ಟ್ಯಾಮೋಕ್ಸಿಫೆನ್ ಔಷಧ ಹಿಡಿಯಬೇಕಾದ ಈಸ್ಟ್ರೋಜನ್ ಗ್ರಾಹಕವೇ ಕಡಿಮೆಯಾಗುತ್ತದೆಂದೂ ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ; ಮಿಆರ್-451 ಕುಸಿದಾಗಲಂತೂ, ಒಳಹೊಕ್ಕ ಡಾಕ್ಸೊರುಬಿಸಿನ್ ಔಷಧವನ್ನು ಪಂಪಿನಂತೆ ಕೋಶದಿಂದ ಹೊರದಬ್ಬುವ ಪ್ರೋಟೀನ್ ಹೆಚ್ಚುತ್ತದೆ.

ದೃಶ್ಯ 4: ರಕ್ತದ ಮಾದರಿಯ ನಳಿಕೆ
ಈ ಅಣುಗಳು ರಕ್ತದಲ್ಲಿಯೂ ಬೇಗ ಕೆಡದೆ ಉಳಿಯುವುದರಿಂದ, ಯಾವ ಔಷಧ ನಾಟೀತೆಂದು ಮೊದಲೇ ತಿಳಿಸುವ ಜೈವಿಕ ಸೂಚಕಗಳಾಗಬಲ್ಲವು. ಆದರೆ ಮಿಆರ್-451 ಕೆಂಪು ರಕ್ತಕಣಗಳಲ್ಲಿಯೇ ಹೇರಳವಾಗಿದ್ದು, ಮಾದರಿಯಲ್ಲಿ ಆ ಕಣಗಳು ಒಡೆದರೆ ಲೆಕ್ಕವೇ ತಪ್ಪುತ್ತದೆ.

ದೃಶ್ಯ 5: ತಾಲ್ಲೂಕು ಆಸ್ಪತ್ರೆಯ ಬಾಗಿಲು
ಆದ್ದರಿಂದ ಮೈಕ್ರೋ ಆರ್‌ಎನ್‌ಎ ಪರೀಕ್ಷೆ ಇನ್ನೂ ದಿನನಿತ್ಯದ ಚಿಕಿತ್ಸೆಗೆ ಬಂದಿಲ್ಲ. ಇಂದಿಗೂ ಔಷಧವನ್ನು ನಿರ್ಧರಿಸುವಲ್ಲಿ ಹಾರ್ಮೋನ್ ಗ್ರಾಹಕ ಮತ್ತು ಹರ್-2 ಪ್ರೋಟೀನಿನ ಪರೀಕ್ಷೆಗಳೇ ಮುಖ್ಯ. ಸ್ತನದಲ್ಲಿ ಗಂಟು ಕಂಡವರು ನೋವಿಲ್ಲವೆಂದು ಸುಮ್ಮನಿರದೆ, ಕೂಡಲೇ ವೈದ್ಯರಿಗೆ ತೋರಿಸಬೇಕು.